ಚಮಚಕ್ಕೆ ಸವರಿದ ಬೆಲ್ಲ

ನಿಮ್ಮ ಮಗ ಫಸ್ಟ್ ಬಂದಾಗ, ಕೊನೆಗೆ ಬಂದ ಪಕ್ಕದ ಮನೆ ಹುಡುಗಿಯನ್ನು ಊರೆಲ್ಲ ಹೊಗಳಿದರೆ ನಿಮಗೆ ಹೇಗಾಗುತ್ತದೆ? ನನಗಂತೂ ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತಿದೆ.

ಕಳೆದ ಶನಿವಾರ ಕೊಟ್ಟೂರಿನಲ್ಲಿ ನನ್ನ ಮಗ ವೀರೇಶನ ಸ್ಕೂಲ್ ಸ್ಪೋರ್ಟ್ಸ್. ಅವನು ನಾಲ್ಕನೇ ಕ್ಲಾಸು. ಪಕ್ಕದ ಮನೆಯ ಕಿರಾಣಿ ಅಂಗಡಿ ಕೊಟ್ರಪ್ಪನ ಮಗಳು ಗಂಗಾ ಕೂಡ ಅದೇ ಕ್ಲಾಸು. ಮಾರ್ಕ್ಸಿನಲ್ಲಿ ಅವಳೇ ಮುಂದೆ, ಹಾಡಿನಲ್ಲೂ ಅವಳೇ. ಪ್ರತಿ ಪರೀಕ್ಷೆಯಾದಾಗಲೂ ಕೊಟ್ರಪ್ಪ, "ನಿಮ್ ಹುಡ್ಗ ಎಷ್ಟ್ ತಗಂಡಾನ್ರಿ?" ಎನ್ನುತ್ತಾನೆ. (ಗೊತ್ತಿದ್ದೇ ಕೇಳುತ್ತಾನೆ ಎಂಬುದು ನನ್ನ ಗುಮಾನಿ.)

ಈ ಸಲ ಬಿಡಬಾರದು ಎನಿಸಿತು. ನಿಂಬೆಹಣ್ಣು-ಚಮಚದ ಓಟಕ್ಕೆ ಚಮಚ ಮನೆಯಿಂದಲೇ ಒಯ್ಯಬೇಕು. ಬೆಳಿಗ್ಗೆ ಚಮಚದ ತಗ್ಗಿಗೆ ತೆಳ್ಳಗೆ ಬೆಲ್ಲದ ಪಾಕ ಸವರಿ, ನಾನೇ ಮಗನ ಕೈಗಿಟ್ಟೆ. ಅವನಿಗೂ ಹೇಳಲಿಲ್ಲ. (ನಗಬೇಡಿ. ನೀವೂ ಅಪ್ಪಂದಿರೇ ಅಲ್ಲವೇ?)

ಸೀಟಿ ಊದಿದರು. ಚಮಚ ಕಚ್ಚಿಕೊಂಡ ಗಂಗಾ ಎಲ್ಲರಿಗಿಂತ ಮುಂದೆ. ಇನ್ನೇನು ನಾಲ್ಕು ಹೆಜ್ಜೆ ಅನ್ನುವಾಗ ಅವಳ ನಿಂಬೆಹಣ್ಣು ಬಿತ್ತು. ಡ್ರಿಲ್ ಮೇಷ್ಟ್ರು ಅತ್ತ ತಿರುಗಿ ಯಾರನ್ನೋ ಗದರುತ್ತಿದ್ದರು, ನೋಡಲೇ ಇಲ್ಲ. ಎತ್ತಿಟ್ಟುಕೊಂಡು ಸುಮ್ಮನೆ ಓಡಬೇಕು ತಾನೆ? ಈ ಹುಡುಗಿ ಬಾಯಿಂದ ಚಮಚ ತೆಗೆದು, "ಸರ, ನಂದು ಬಿತ್ರಿ!" ಎಂದು ಕೂಗಿದಳು. ರೂಲ್ಸಿನಂತೆ ವಾಪಸ್ ಹೋಗಿ ಗೆರೆಯಿಂದ ಮತ್ತೆ ಶುರು ಮಾಡಿದಳು. ಎಲ್ಲರಿಗಿಂತ ಕೊನೆಗೆ ಬಂದಳು.

ವೀರೇಶ ಫಸ್ಟ್. ಅವನ ನಿಂಬೆಹಣ್ಣು ಅಲುಗಲೂ ಇಲ್ಲ ಬಿಡಿ.

ಅವನಿಗೆ ಸ್ಟೀಲ್ ಲೋಟ ಬಹುಮಾನ. ಆದರೆ ಚಪ್ಪಾಳೆ? ಹೆಡ್‌ಮಾಸ್ಟರು ಗಂಗಾಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಬೆನ್ನು ತಟ್ಟಿದರು. "ಎಂಥಾ ಮಗಳ್ನ ಹಡದಿಯಪ್ಪಾ ಕೊಟ್ರಪ್ಪ!" ಎಂದು ಜನ ಅವನನ್ನು ಮುತ್ತಿಕೊಂಡರು. ನನ್ನ ಹೆಂಡತಿಯೂ ಆ ಗುಂಪಿನಲ್ಲಿದ್ದಳು! ಲೋಟ ನಮ್ಮ ಮನೆಗೆ ಬಂತು, ಹೆಸರು ಅವರ ಮನೆಗೆ ಹೋಯಿತು. ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯಲ್ಲೇ ಕೂರುವ ಆ ಮನುಷ್ಯ ಮಗಳಿಗೆ ಇದನ್ನೆಲ್ಲ ಯಾವಾಗ ಕಲಿಸಿದ? ನನಗೇಕೆ ಬರಲಿಲ್ಲ?

ಸಂಜೆ ಹೆಂಡತಿ ಅಡುಗೆಮನೆಯಿಂದ ಕೂಗಿದಳು. "ಏನ್ರೀ, ಈ ಚಮಚಕ್ಕ ಇರುವಿ ಯಾಕ ಮುತ್ಯಾವು?"

ನಾನು ಪೇಪರಿನಲ್ಲಿ ಮುಖ ಹುದುಗಿಸಿದೆ. ವೀರೇಶ ಎದ್ದು ಹೋದ. ಚಮಚಕ್ಕೆ ಬೆರಳಿಟ್ಟು ನೆಕ್ಕಿ ನೋಡಿದ. ಬಂದು ನನ್ನ ಮುಂದೆ ನಿಂತ. ಲೋಟ ಇನ್ನೂ ಅವನ ಕೈಯಲ್ಲೇ ಇತ್ತು.

"ಅಪ್ಪಾ, ನಿಂಬಿಹಣ್ಣು ಬೀಳ್ದಂಗ ಹಿಡ್ದಿದ್ದು ನಾನೋ, ಬೆಲ್ಲನೋ?"