ಹಾಲಿನಂತಾದ ಕಡಲ ನೀರು

ಮಾಗಡಿ ರಸ್ತೆಯ ಗುಂಡಿಗೆ ಸ್ಕೂಟರ್ ಇಳಿಸಿ ನನ್ನ ಗಂಡ ಕಾಲು ಮುರಿದುಕೊಂಡಾಗ, ಅವರ ಮೀನಿನ ತೊಟ್ಟಿ ನನ್ನ ತಲೆಗೆ ಬಂತು. ಅದು ಬರೀ ಮೀನಿನ ತೊಟ್ಟಿಯಾಗಿದ್ದರೆ ಎರಡು ಹೊತ್ತು ಕಾಳು ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆ. ಅದರಲ್ಲಿದ್ದದ್ದು ಉಪ್ಪುನೀರು, ಒಂದು ಜೋಡಿ ಕಿತ್ತಳೆ ಮೀನು, ಕಲ್ಲುಗಳ ಮೇಲೆ ಬೆಳೆಯುವ ಹವಳಗಳು. ಆಫೀಸಿನಿಂದ ಬಂದವರು ಹೆಲ್ಮೆಟ್ ತೆಗೆಯುವ ಮೊದಲೇ ಹೋಗಿ ಅದರ ಮುಂದೆ ನಿಲ್ಲುತ್ತಿದ್ದರು. ನನಗೆ ಮಾತ್ರ ಅದನ್ನು ಕಂಡರೆ ಅಷ್ಟಕ್ಕಷ್ಟೆ.

ಬಸವೇಶ್ವರನಗರದ ನಮ್ಮ ಮನೆಯಲ್ಲಿ ತೊಟ್ಟಿ ಇದ್ದದ್ದು ಮುಂದಿನ ಹಾಲ್‌ನಲ್ಲಿ, ಪ್ಲಾಸ್ಟರ್ ಕಾಲಿನ ಇವರು ಮಲಗಿದ್ದದ್ದು ಹಿಂದಿನ ರೂಮಿನಲ್ಲಿ. ಅಲ್ಲಿಂದಲೇ ಕೂಗಿ ಕೆಲಸ ಹೇಳುತ್ತಿದ್ದರು. ಹವಳ ತನ್ನ ಮೈಗೂಡು ಕಟ್ಟಿಕೊಳ್ಳಲು ನೀರಿನಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಜೊತೆಗೆ ಕ್ಷಾರವನ್ನೂ ಎಳೆದುಕೊಳ್ಳುತ್ತದೆ. ಖರ್ಚಾದಷ್ಟನ್ನು ನಾವು ತುಂಬಿಕೊಡಬೇಕು. ಒಂದಕ್ಕೆ ಕ್ಯಾಲ್ಸಿಯಂ ಪುಡಿ ಕರಗಿಸಿದ ನೀರು, ಇನ್ನೊಂದಕ್ಕೆ ಅಡುಗೆ ಸೋಡದ ನೀರು. ನಾನು ಸಣ್ಣ ಗಾಜಿನ ಶೀಶೆಗೆ ತೊಟ್ಟಿಯ ನೀರು ತುಂಬಿ, ಅದರ ಮೇಲೆ ಔಷಧಿ ಹನಿ ಹಾಕುತ್ತಾ, ಬಣ್ಣ ಬದಲಾಗುವುದನ್ನು ಕಾದು, ಅಳತೆಯನ್ನು ಒಳಗೆ ಕೂಗಿ ಹೇಳಬೇಕು.

"ಸೋಡ ಕಮ್ಮಿ ಆಗಿದೆ ಕಣೇ, ಸ್ವಲ್ಪ ಹಾಕು."

ಹಾಕಿದರೆ ಮರುದಿನ ಕ್ಯಾಲ್ಸಿಯಂ ಇಳಿದಿರುತ್ತಿತ್ತು. ಅದನ್ನು ಹಾಕಿದರೆ ಸೋಡದ ಲೆಕ್ಕ ಕೆಳಗೆ. ಹವಳಗಳು ದಿನೇ ದಿನೇ ಮುದುಡಿಕೊಳ್ಳುತ್ತಿದ್ದವು. ನಾನು ಅದನ್ನು ಹೇಳಿದಾಗಲೆಲ್ಲ ಇವರು ಊಟದ ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದರು.

ಒಂದು ಬೆಳಿಗ್ಗೆ ತಾಳ್ಮೆ ಕಳೆದುಕೊಂಡು, "ಎರಡನ್ನೂ ಜಾಸ್ತಿ ಹಾಕಿಬಿಡು, ಏನಾಗುತ್ತೋ ನೋಡೋಣ" ಅಂದರು. ಹಾಕಿದೆ. ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ ನೀರು ಬೆಳ್ಳಗಾಯಿತು. ಮೀನೂ ಕಾಣಲಿಲ್ಲ, ಕಲ್ಲೂ ಕಾಣಲಿಲ್ಲ.

"ರೀ, ನೀರು ಹಾಲಿನ ಥರ ಆಗಿದೆ!"

ವಾಕರ್ ಕುಟ್ಟುತ್ತಾ ಬಂದರು. ಡಾಕ್ಟರು ಏಳಬೇಡಿ ಅಂದಿದ್ದರು, ಆದರೂ ನಾನು ತಡೆಯಲಿಲ್ಲ. ತೊಟ್ಟಿಯನ್ನು ನೋಡಿ, "ಎಲ್ಲಾ ಹೋಯ್ತು" ಅಂದರು. ಅಷ್ಟೇ. ವಾಪಸ್ ಹೋಗಿ ಗೋಡೆ ಕಡೆ ತಿರುಗಿ ಮಲಗಿದರು.

ಆ ಬೆನ್ನು ನೋಡಿ ನಾನು ಚಪ್ಪಲಿ ಮೆಟ್ಟಿಕೊಂಡೆ. ಸೀದಾ ರಸ್ತೆ ತಿರುವಿನ ಸೈಬರ್ ಸೆಂಟರ್‌ಗೆ ಹೋದೆ. ಇಂಥ ತೊಟ್ಟಿ ಇಟ್ಟವರು ಒಬ್ಬರಿಗೊಬ್ಬರು ಪ್ರಶ್ನೆ ಕೇಳುವ ಒಂದು ವೆಬ್‌ಸೈಟನ್ನು ಇವರು ದಿನಾ ಓದುತ್ತಿದ್ದರು. ಅದರಲ್ಲಿ ನಡೆದದ್ದನ್ನೆಲ್ಲ ಬರೆದು, ನಮ್ಮ ಮನೆಯ ಫೋನ್ ನಂಬರ್ ಕೊಟ್ಟು ಬಂದೆ. ಸಂಜೆ ಹೊತ್ತಿಗೆ ನೀರು ಸ್ವಲ್ಪ ತಿಳಿಯಾಯಿತು. ಮೀನು ಓಡಾಡುತ್ತಿದ್ದವು. ಅಷ್ಟರಲ್ಲಿ ಫೋನ್ ಬಂತು.

ಫೋನ್ ಮಾಡಿದವರು ರಾಜಾಜಿನಗರದ ಒಬ್ಬ ಆಂಟಿ. ವೆಬ್‌ಸೈಟಿನಲ್ಲಿ ಅವರ ಅಡ್ಡಹೆಸರು ಓದಿ ಇಷ್ಟು ದಿನ ನನ್ನ ಗಂಡ ಅವರನ್ನು ಯಾರೋ ಗಂಡಸು ಅಂದುಕೊಂಡಿದ್ದರಂತೆ. "ಏನೂ ಹಾಕಬೇಡಿ, ಬೆಳಿಗ್ಗೆ ಬರ್ತೀನಿ" ಅಂದರು. ಮರುದಿನ ಊಟದ ಬುಟ್ಟಿಯಲ್ಲಿ ಶೀಶೆಗಳನ್ನು ಜೋಡಿಸಿಕೊಂಡು ಆಟೋದಲ್ಲಿ ಬಂದಿಳಿದರು. ಹನಿ ಹಾಕಿ ನೋಡಿ ತಲೆಯಾಡಿಸಿದರು.

"ಮೆಗ್ನೀಶಿಯಂ ಇಲ್ಲವೇ ಇಲ್ಲ ಅನ್ನೋ ಹಾಗಿದೆ ಕಣಮ್ಮ. ಅದು ಕಮ್ಮಿ ಆದ್ರೆ ಕ್ಯಾಲ್ಸಿಯಮ್ಮೂ ಸೋಡಾನೂ ನೀರಲ್ಲೇ ಸೇರ್ಕೊಂಡು ಸುಣ್ಣಕಲ್ಲಿನ ಪುಡಿ ಆಗಿ ತಳಕ್ಕೆ ಬೀಳುತ್ತೆ. ನೀವು ಹಾಕಿದ್ದು ಹವಳಕ್ಕೆ ಸಿಗ್ತಾನೇ ಇರಲಿಲ್ಲ."

"ಸತ್ತಿಲ್ವಾ ಆಂಟಿ?" ಒಳಗಿನಿಂದ ಇವರ ದನಿ.

"ಸಾಯೋದಾ? ಹೆದರಿಕೊಂಡಿವೆ ಅಷ್ಟೇ!"

ತೊಟ್ಟಿಯ ನೀರಿಗೆ ಬೆರೆಸಲು ಇವರು ಹೊಸದಾಗಿ ಕೊಂಡಿದ್ದ ಅಗ್ಗದ ಕಡಲುಪ್ಪಿನಲ್ಲೇ ಮೆಗ್ನೀಶಿಯಂ ಕಡಿಮೆಯಿತ್ತಂತೆ. ಆಂಟಿ ತಾವು ಬಳಸುವ ಉಪ್ಪು ಕೊಟ್ಟರು. ದಿನಕ್ಕಿಷ್ಟು ನೀರು ಬದಲಾಯಿಸಿ, ಮೆಗ್ನೀಶಿಯಂ ಅನ್ನು ನಿಧಾನವಾಗಿ ಏರಿಸಿದೆವು. ಆಮೇಲೆ, ಕ್ಯಾಲ್ಸಿಯಂ ಪುಡಿ ಮತ್ತು ಸೋಡದ ಬದಲು, ಸುಣ್ಣದ ತಿಳಿನೀರು. ಸುಣ್ಣ ಕಲಸಿ, ಕೆಳಗೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ತೆಗೆದು, ಆವಿಯಾದ ನೀರಿನ ಬದಲಿಗೆ ಹನಿಹನಿಯಾಗಿ ಬಿಡುವುದು. ಅದರಲ್ಲಿ ಕ್ಯಾಲ್ಸಿಯಮ್ಮೂ ಕ್ಷಾರವೂ ಒಟ್ಟಿಗೇ, ಸಮನಾಗಿ ಸಿಗುತ್ತವೆ. ಹನಿ ಬಿಡಲು ಮೆಡಿಕಲ್ ಶಾಪಿನಿಂದ ಗ್ಲೂಕೋಸ್ ಏರಿಸುವ ನಳಿಗೆ ತಂದೆ. ಯಾರಿಗೆ ಹುಷಾರಿಲ್ಲ ಅಂತ ಅಂಗಡಿಯವರು ಕೇಳಿದಾಗ ನಕ್ಕುಬಿಟ್ಟೆ.

ಅಳತೆ ಮೊದಮೊದಲು ಅಲುಗಾಡಿತು, ಆಮೇಲೆ ನಿಂತಿತು. ಇವತ್ತಿನದೂ ನಿನ್ನೆಯದೂ ಒಂದೇ ಎಂದು ಒಳಗೆ ಕೂಗಿ ಹೇಳಿದ ದಿನ ಇವರು ಎರಡನೇ ಸಲ ಅನ್ನ ಬಡಿಸಿಕೊಂಡರು.

ಒಂದು ಭಾನುವಾರ ಮನೆ ಗುಡಿಸುತ್ತಾ ತಲೆಯೆತ್ತಿದರೆ, ಮುದುಡಿ ಕೂತಿದ್ದ ಹಸಿರು ಹವಳ ಪೂರ್ತಿ ಅರಳಿ ಬೆರಳುಗಳನ್ನು ಆಡಿಸುತ್ತಿತ್ತು. ಪೊರಕೆ ಬಿಟ್ಟು ಓಡಿಹೋಗಿ ಇವರನ್ನು ಎಬ್ಬಿಸಿದೆ. ತೊಟ್ಟಿಯ ಮುಂದೆ ಕುರ್ಚಿ ಹಾಕಿ ಕೂರಿಸಿದೆ. ಕಣ್ಣು ಒರೆಸಿಕೊಂಡರು. ನಾನೂ ಅಲ್ಲೇ ನೆಲದ ಮೇಲೆ ಅವರ ಪಕ್ಕ ಕೂತುಬಿಟ್ಟೆ.

ಆಂಟಿಗೆ ಫೋನ್ ಮಾಡಿ, ಇನ್ನು ಮುಂದೇನು ಮಾಡಬೇಕು ಅಂತ ಕೇಳಿದೆ.

"ಸುಮ್ಮನೆ ನೋಡ್ತಾ ಕೂತ್ಕೊಳ್ಳಿ" ಅಂದರು.