ಮನೆಯವರು ಮಲಗಿದ್ದಾರೆ

ಗುಹೆಯನ್ನು ಜನರಿಗೆ ತೋರಿಸಿ ಹೊಗಳಿಸಿಕೊಂಡವರು ಹಲವರು. ಎಷ್ಟು ತೋರಿಸಬಾರದು ಎಂಬುದನ್ನು ಅರಿತು, ಅದಕ್ಕಾಗಿ ಬೈಸಿಕೊಂಡವರು ನಮ್ಮ ಮೇಲ್ವಿಚಾರಕಿ ಮೇಡಂ. ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ಕುರಿತು, ಗುಹೆಯ ಬಾಯಲ್ಲೇ ಚಹಾ ಅಂಗಡಿ ಇಟ್ಟುಕೊಂಡು ಬಾಳಿದ ನನಗೂ ನಾಲ್ಕು ಮಾತು ಬರೆಯುವ ಭಾಗ್ಯ ಸಿಕ್ಕಿದೆ. ಅಕ್ಷರ ಕಲಿಯಲು ಈ ವಯಸ್ಸಿನವಳನ್ನು ಸಂಜೆಶಾಲೆಗೆ ದಬ್ಬಿದವರೂ ಅವರೇ. ನಾನು ತರಗತಿಗೆ ಹೊರಟರೆ ಅಂಗಡಿಯ ಲೋಟ ತೊಳೆದಿಟ್ಟು, ಬಾಗಿಲು ಹಾಕಿ ಹೋಗುತ್ತಿದ್ದವರೂ ಅವರೇ.

ಅವರು ಬಂದಾಗ ಗುಹೆಯ ತುಂಬ ಬಣ್ಣದ ದೀಪಗಳಿದ್ದವು. ಆ ಬೆಳಕಿಗೆ ಕಲ್ಲಿನ ಮೇಲೆ ಪಾಚಿ ಹಬ್ಬಿತ್ತು. ನಾವದನ್ನು ಗುಹೆಯ ಅಂದವೆಂದೇ ತಿಳಿದಿದ್ದೆವು. ಮೇಡಂ ಮೊದಲು ದೀಪ ತೆಗೆಸಿದರು. ಆಮೇಲೆ, ಬಾವಲಿಗಳು ಮರಿ ಹಾಕುವ ತಿಂಗಳುಗಳಲ್ಲಿ ಒಳ ಹಜಾರಕ್ಕೆ ಬೀಗ ಹಾಕಿಸಿದರು. ಜನ ಮುಗಿಬಿದ್ದು ಬರುವ ರಜೆಯ ಕಾಲವೂ ಅದೇ. ಜನ ಬರದಿದ್ದರೆ ನನ್ನ ಒಲೆ ಆರಿದಂತೆ. ಗೈಡುಗಳ ಗತಿಯೂ ಅಷ್ಟೇ. "ಬಾವಲಿಗೆ ಬಾಣಂತನ, ನಮಗೆ ಉಪವಾಸ" ಎಂದು ಹಿರಿಯ ಗೈಡು ಅವರೆದುರಿಗೇ ಅಂದುಬಿಟ್ಟರು. ಮೇಡಂ ನಕ್ಕರು, ಬೀಗ ಮಾತ್ರ ತೆಗೆಯಲಿಲ್ಲ.

ಗುಹೆಯೊಳಗಿನ ಜೀವಿಗಳನ್ನು ಅವರು ಕರೆಯುತ್ತಿದ್ದುದೇ 'ಮನೆಯವರು' ಎಂದು, ಉಳಿದವರೆಲ್ಲ ನೆಂಟರು. ಒಮ್ಮೆ ನಾನು ಚಹಾ ಕೊಡಲು ಕಚೇರಿಗೆ ಹೋದಾಗ, ಒಳ ಹಜಾರ ತೆರೆಯಲೇಬೇಕೆಂದು ಮೇಲಧಿಕಾರಿಗಳ ಫೋನು ಬಂದಿತ್ತು. "ಮನೆಯವರು ಮಲಗಿದ್ದಾರೆ ಸರ್, ಈಗ ಆಗಲ್ಲ" ಎಂದರು ಮೇಡಂ, ಅಭ್ಯಾಸಬಲದಿಂದ. ಇವರ ಗಂಡನಿಗೇ ಹುಷಾರಿಲ್ಲವೆಂದು ತಿಳಿದ ಅಧಿಕಾರಿ, ಜ್ವರವೇ, ಡಾಕ್ಟರಿಗೆ ತೋರಿಸಿದಿರಾ ಎಂದು ಕಕ್ಕುಲಾತಿಯಿಂದ ವಿಚಾರಿಸಿದರಂತೆ.

"ಒಬ್ಬರಲ್ಲ ಸರ್, ಸಾವಿರಾರು ಜನ. ಎಲ್ರೂ ತಲೆಕೆಳಗಾಗಿ ಮಲಗಿದ್ದಾರೆ."

ಫೋನಿನ ಆ ಕಡೆಯಿಂದ ಹೊರಟ ನಗು ನನಗೂ ಕೇಳಿಸಿತು. ಆ ನಗು ಆರುವ ಮೊದಲೇ ಮೇಡಂ ತಮ್ಮ ಯೋಜನೆಗೆ ಒಪ್ಪಿಗೆ ಪಡೆದರು: ಮುಂದಿನ ಹಜಾರದಲ್ಲಷ್ಟೇ ಸಣ್ಣ ಗುಂಪುಗಳು, ಕೈಯಲ್ಲಿ ಟಾರ್ಚು, ಮೆಲುದನಿ, ಸರದಿ ಕಾಯುವವರು ನನ್ನ ಬೆಂಚಿನ ಮೇಲೆ. ಮೊದಲ ವರ್ಷ ನಮಗೆ ಕಷ್ಟವೇ ಆಯಿತು, ಇಲ್ಲವೆನ್ನಲಾರೆ. ಆಮೇಲೆ ಗುಂಪು ಹೆಚ್ಚಿದಂತೆ ಗೈಡುಗಳಿಗೆ ಕೆಲಸವೂ ಹೆಚ್ಚಿತು, ಕಾಯುವವರಿಗೆ ಚಹಾ ಬೇಕಾಯಿತು.

ಬೀಗದ ಕೈ ಇನ್ನು ಬೇರೆಯವರಿಗೆ. ಹೊಸಬರು ಬಾಗಿಲು ತೆರೆದುಬಿಟ್ಟಾರೇ ಎಂಬ ಆತಂಕ ಮೇಡಂಗೆ ಇದೆ. ಅವರು ದೀರ್ಘಾಯುಷಿಗಳಾಗಿ, ಆಗಾಗ ನನ್ನ ಬೆಂಚಿಗೆ ಬಂದು ಕುಳಿತು, ಹೊಸಬರಿಗೆ ಬುದ್ಧಿ ಹೇಳುತ್ತಿರಲಿ. ಅವರಿಲ್ಲದ ದಿನ ನಾನಿದ್ದೇನೆ. ಒಳ ಹಜಾರ ಯಾಕೆ ಮುಚ್ಚಿದೆ ಎಂದು ಕೇಳಿದವರಿಗೆ, ಚಹಾ ಸೋಸುತ್ತ, "ಮನೆಯವರು ಮಲಗಿದ್ದಾರೆ" ಎನ್ನುತ್ತೇನೆ. ನನ್ನ ಗಂಡ ತೀರಿಕೊಂಡು ಎಷ್ಟೋ ಕಾಲವಾಯಿತೆಂದು ಬಲ್ಲ ಗೈಡುಗಳು ಮುಖ ತಿರುಗಿಸಿ ನಗುತ್ತಾರೆ. ನೆಂಟರು ಮಾತ್ರ ದನಿ ತಗ್ಗಿಸುತ್ತಾರೆ.