ಬಾಯಿಲ್ಲದ ದೆವ್ವ

ಅರಸೀಕೆರೆಯಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಪಕ್ಕದಲ್ಲೇ ಗಂಗಾಧರಯ್ಯನವರ ವಿಡಿಯೋ ಅಂಗಡಿ. ಜಾವಗಲ್‌ನಿಂದ ಬೇಲೂರಿನವರೆಗೆ ಅವರು ಕ್ಯಾಮೆರಾ ಹಿಡಿಯದ ಮದುವೆ ಕಡಿಮೆ. ಕ್ಯಾಸೆಟ್ಟಿನಲ್ಲಿ ಒಂದು ಗಳಿಗೆ ಸದ್ದಿಲ್ಲದಿದ್ದರೂ ಗಿರಾಕಿ ವಾಪಸ್ ತರುತ್ತಾನೆ ಎಂಬುದು ಅವರ ಅನುಭವ. ಹಾಗಾಗಿ ತಾಳಿ ಕಟ್ಟುವಾಗಲೂ ಹಾಡು, ಬೀಗರು ಮಜ್ಜಿಗೆ ಕುಡಿಯುವಾಗಲೂ ಹಾಡು. ಮನುಷ್ಯ ಒಳ್ಳೆಯವರೇ, ಬಾಯಿಗೆ ಮಾತ್ರ ಬೀಗವಿರಲಿಲ್ಲ. ಮಗಳು ಉಷಾರಾಣಿಯನ್ನು ಯಾರು ಏನು ಕೇಳಿದರೂ ಉತ್ತರ ಇವರದೇ. ಎಸ್ಸೆಸ್ಸೆಲ್ಸಿ ಮುಗಿದಾಗ ಕಾಲೇಜಿನ ಅರ್ಜಿಯನ್ನೂ ಇವರೇ ತುಂಬಿ ಅವಳನ್ನು ಸೈನ್ಸಿಗೆ ಸೇರಿಸಿದರು. ಆ ಅರ್ಜಿಯ ಜೆರಾಕ್ಸ್ ಮಾಡಿಕೊಟ್ಟವನು ನಾನೇ.

ಅದು 2002ನೇ ಇಸವಿ. ಆಷಾಢದಲ್ಲಿ ಮದುವೆಯಿಲ್ಲದೆ ಕ್ಯಾಮೆರಾ ಸುಮ್ಮನೆ ಕೂತಿತ್ತು. ಉಷಾರಾಣಿ ಒಂದು ದೆವ್ವದ ಕಥೆ ಬರೆದು, ಹಾರನಹಳ್ಳಿಯ ಸೋದರಮಾವನ ಮನೆಯಲ್ಲಿ ಅಪ್ಪನಿಂದಲೇ ಚಿತ್ರ ತೆಗೆಸಿದಳು. ದೆವ್ವ ಅವಳೇ. ಮುಖದ ತುಂಬ ತೆಂಗಿನ ನಾರು, ಬಾಯಿಯೇ ಇಲ್ಲ. ಮನೆಗೆ ನೆಂಟರು ಬಂದಾಗಲೆಲ್ಲ ಅದು ಮೂಲೆಯಲ್ಲಿ ಕೂರುತ್ತದೆ, ಅವರು ಎದ್ದ ಮೇಲೆ ಲೋಟ ತೊಳೆದಿಡುತ್ತದೆ. ಅಷ್ಟೇ ಕಥೆ, ಚಿತ್ರದಲ್ಲಿ ಮಾತೇ ಇಲ್ಲ. ನನಗಂತೂ ತಲೆಬುಡ ತಿಳಿಯಲಿಲ್ಲ.

"ಯಾರ್ನೂ ಹಿಡ್ಕಳಾಕಿಲ್ಲ, ಇದ್ಯಾತರ ದೆವ್ವ?" ಎಂದಳು ಎದುರಿನ ಹೂವಿನ ಗಿಡ್ಡಮ್ಮ.

ಗಂಗಾಧರಯ್ಯನವರಿಗೂ ಅದೇ ಗೊಂದಲ. ಸದ್ದಿಲ್ಲದ ಚಿತ್ರ ಯಾರು ನೋಡುತ್ತಾರೆ? ಮಗಳಿಗೆ ಹೇಳದೆ ಸದ್ದು ಸೇರಿಸಲು ಮಿಕ್ಸಿಂಗ್‌ಗೆ ಕೂತರು.

ಭಾನುವಾರ ಸಂಜೆ ಅಂಗಡಿಯಲ್ಲೇ ಟೀವಿ ಹಚ್ಚಿ ನಮ್ಮನ್ನು ಕರೆದರು. ಪರದೆಯಲ್ಲಿ ದೆವ್ವ ಬಂತು. ಮೇಲಿನಿಂದ ಮದುವೆ ಕ್ಯಾಸೆಟ್ಟಿನ ಗುಲಾಬಿ ದಳಗಳು ಉದುರಿದವು. "ಸೇಡು ತೀರಿಸದೆ ಬಿಡೆನು" ಎಂದು ದೆವ್ವ ಗಂಗಾಧರಯ್ಯನವರ ದನಿಯಲ್ಲಿ ಅಬ್ಬರಿಸಿತು. ಗಿಡ್ಡಮ್ಮ ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ.

ಉಷಾರಾಣಿ ಎದ್ದು ಹೋಗಿ ಕ್ಯಾಸೆಟ್ ನಿಲ್ಲಿಸಿದಳು.

"ಅಪ್ಪ, ಆ ದೆವ್ವ ನಾನು ಕಣಪ್ಪ. ನಂಗೆ ಬಾಯಿಲ್ಲ ಅಂತ ತೋರಿಸಿದ್ರೆ, ಅದಕ್ಕೂ ನೀವೇ ಮಾತಾಡಿಬಿಟ್ರಲ್ಲ."

ಗಂಗಾಧರಯ್ಯ ಕಕ್ಕಾಬಿಕ್ಕಿಯಾದರು. ಇವಳು ಹೇಳುತ್ತಿರುವುದೇನು ಎಂದು ನನ್ನನ್ನು ಕೇಳಿದರು. ನನಗೆ ಆಗಷ್ಟೇ ಅರ್ಥವಾಗತೊಡಗಿತ್ತು. ವಿವರಿಸಲು ಹೊರಟವನು ನಾಚಿ ನಿಲ್ಲಿಸಿದೆ.

"ಅವಳನ್ನೇ ಕೇಳಿ ಸ್ವಾಮಿ" ಎಂದೆ.

ಅವರು ಮಗಳ ಕಡೆ ತಿರುಗಿದರು. "ಏನವ್ವ ಅದು?"

ಅವಳು ನೆಲ ನೋಡುತ್ತ ಹೇಳಿದಳು: "ನಂಗೆ ಸೈನ್ಸ್ ಬೇಡಪ್ಪ."

ಹುಟ್ಟುಗುಣ, ಗಂಗಾಧರಯ್ಯನವರ ಬಾಯಿ ತೆರೆಯಿತು. ಅದನ್ನು ತಮ್ಮ ಅಂಗೈಯಿಂದ ತಾವೇ ಮುಚ್ಚಿಕೊಂಡು, ಮುಂದೆ ಹೇಳು ಎಂದು ತಲೆಯಾಡಿಸಿದರು.